ಕೂಸಿಂಗೂ ಒಂದು ಲಾಂಗ್ ಟರ್ಮ್

ಪಿಯುಸಿ ಮುಗುದು ನೀಟಿಲಿ ಸೀಟು ಸಿಕ್ಕದ್ರೆ, ಇನ್ನೊಂದು ವರ್ಷ ಕೂದು ಅದಕ್ಕೇ ಓದುದರ ನಮ್ಮ ಊರಿಲಿ 'ಲಾಂಗ್ ಟರ್ಮ್' ಹೇಳ್ತವು. ಬಂಟ್ವಾಳ, ಬೆಳ್ತಂಗಡಿ ಹೊಡೆಂದ ಮಕ್ಕೊ ಇದಕ್ಕೆ ಹೇಳಿಯೇ ಮೂಡಬಿದ್ರೆಯ ಹಾಸ್ಟೆಲಿಂಗೆ ಹೋವ್ತವು. ಫೀಸು, ಹಾಸ್ಟೆಲು ಎಲ್ಲ ಸೇರಿರೆ ಸಣ್ಣ ತೋಟದವಕ್ಕೆ ಅಡಕ್ಕೆ ಪೈಸೆ ಪೂರ ಅಲ್ಲಿಗೇ ಆವ್ತು. ಆಲೋಚನೆ ಮಾಡಿಯೇ ಕಳುಸೆಕ್ಕು, ಸರಿ.

ಆದರೆ ಈ ಆಲೋಚನೆ ಕೂಸುಗಳ ವಿಷಯಲ್ಲಿ ಮಾಂತ್ರ ಜೋರು. ಮಾಣಿ ಆದರೆ "ಇನ್ನೊಂದು ವರ್ಷ ನೋಡ್ಲಿ". ಕೂಸಾದರೆ "ಬಿಎಸ್ಸಿಗೆ ಸೇರ್ಸಿಬಿಡಿ, ಸುಮ್ಮನೆ ವರ್ಷ ಹಾಳಪ್ಪದು ಬೇಡ". ಜೆಂಬ್ರದ ಮನೆಲಿ ಹೀಂಗೆ ಹೇಳುದು ಹೆಚ್ಚಾಗಿ ನಾವು ಹೆಮ್ಮಕ್ಕಳೇ. ಎನಗೆ ಇದು ಸರಿ ಕಾಣ್ತಿಲ್ಲೆ.

ರಜಾ ಲೆಕ್ಕ ನೋಡುವೊ. ನೀಟಿಲಿ 180 ಪ್ರಶ್ನೆ, 720 ಮಾರ್ಕು. ಸರಿ ಉತ್ತರಕ್ಕೆ 4 ಸಿಕ್ಕುತ್ತು, ತಪ್ಪಿರೆ 1 ಕಳೆತ್ತವು. ಅರ್ಧ ಮಾರ್ಕು, 360, ಬಯಾಲಜಿಗೇ. ಪಿಯುಸಿಲಿ 95 ಪರ್ಸೆಂಟು ಬಂದರೂ ಅದು ರೇಂಕಿಂಗೆ ಸೇರ್ತಿಲ್ಲೆ. ಉದ್ದ ಉತ್ತರ ಬರದು ಅಭ್ಯಾಸ ಆದ ಮಕ್ಕೊಗೆ ನಿಮಿಷಕ್ಕೊಂದು ಪ್ರಶ್ನೆ ಹೇಳಿರೆ ಸುಲಭ ಅಲ್ಲ. ಸುರುವಾಣ ಸರ್ತಿ ಸಿಕ್ಕದ್ದದು ಬುದ್ಧಿ ಇಲ್ಲದ್ದೆ ಹೇಳಿ ಗ್ರೇಶೆಡಿ.

ಕೂಸಿನ ಹತ್ರೆ ಕೂದು ಎರಡು ಮಾತು ಕೇಳಿ. ಒಂದು, ಮಾರ್ಕು ಹೋದ್ದೆಲ್ಲಿ? ಬಯಾಲಜಿ ಗಟ್ಟಿ ಇದ್ದು, ಫಿಸಿಕ್ಸಿಲಿ ಹೋತು, ಅಂದಾಜಿಲಿ ಗುರ್ತು ಹಾಕಿ ತಪ್ಪಿತ್ತು ಹೇಳಿ ಆದರೆ ಒಂದು ವರ್ಷಲ್ಲಿ ಸರಿ ಮಾಡ್ಲಕ್ಕು. ಮೂರರಲ್ಲೂ ತುಂಬ ಹಿಂದೆ ಇದ್ದರೆ ಕಷ್ಟ. ಎರಡು, ಡಾಕ್ಟರಾಯೆಕ್ಕು ಹೇಳಿ ಆಸೆ ಆರಿಂಗೆ? ಅದಕ್ಕೋ, ನವಗೋ? ಮಾಣಿಯ ಹತ್ರವೂ ಇದನ್ನೇ ಕೇಳಿ. ಉತ್ತರ ನೋಡಿ ಕಳುಸಿ, ಕೂಸೋ ಮಾಣಿಯೋ ಹೇಳಿ ನೋಡೆಡಿ. ಒಂದು ವರ್ಷ ಕಳುದು ಆಗದ್ರೆ ನಿಲ್ಲುಸುದೂ ಇಬ್ರಿಂಗೂ ಒಂದೇ ಹಾಂಗೆ ಇರಲಿ. ಆಯುರ್ವೇದಕ್ಕೂ ಅದೇ ನೀಟಿನ ಮಾರ್ಕು ಬೇಕಪ್ಪದು, ಹಾಂಗಾಗಿ ಓದಿದ್ದು ಪೂರ ಹಾಳಾವ್ತಿಲ್ಲೆ.

"ಪ್ರಾಯ ಆವ್ತನ್ನೆ" ಹೇಳುವವು ಇದ್ದವು. ನೀಟಿಂಗೆ ಇದ್ದ ಪ್ರಾಯದ ಮಿತಿಯ 2022ರಲ್ಲಿ ತೆಗದ್ದವು. ಇಷ್ಟೇ ಸರ್ತಿ ಬರೆಯೆಕ್ಕು ಹೇಳಿಯೂ ಇಲ್ಲೆ. ಎಂಬಿಬಿಎಸ್ ನಾಲ್ಕೂವರೆ ವರ್ಷ, ಮತ್ತೆ ಇಂಟರ್ನ್‌ಶಿಪ್ಪು ಒಂದು ವರ್ಷ. ಅಷ್ಟು ಉದ್ದದ ಓದಿನ ಎದುರು ಸುರುವಿಲಿ ಒಂದು ವರ್ಷ ದೊಡ್ಡದೋ?

ಕೂಸಿನ ಮದುವೆಗೆ ಹೇಳಿ ಸಣ್ಣಾಗಿಪ್ಪಗಳೇ ಚಿನ್ನ ಮಾಡುಸಿ ಮಡುಗುತ್ತು ನಾವು. ಅದರಲ್ಲಿ ಎರಡು ಬಳೆ ಕಮ್ಮಿ ಆದರೆ ಎಂತ ಅಪ್ಪಲಿದ್ದು?