ಮಾಳಿಗೆಯ ಮಳೆನೀರೂ ಹೂತ ಕೊಳವೆಯೂ

ಮೊಳಕಾಲ್ಮೂರು ತಾಲ್ಲೂಕಿನಲ್ಲಿ ವರ್ಷಕ್ಕೆ ಬೀಳುವ ಮಳೆಯು ಸರಾಸರಿ 20 ಅಂಗುಲದ ಆಸುಪಾಸಿನದು. ಅದರಲ್ಲಿಯೂ ದೊಡ್ಡ ಪಾಲು ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳ ಕೆಲವೇ ದಿವಸಗಳಲ್ಲಿ ಸುರಿದುಹೋಗುವುದುಂಟು. ಇಂಥ ಸೀಮೆಯಲ್ಲಿ ಮಾಳಿಗೆಯ ನೀರು ಬೀದಿಪಾಲಾಗುವುದು ಗೃಹಸ್ಥರು ಒಪ್ಪತಕ್ಕ ಸಂಗತಿಯಲ್ಲ. 1000 ಚದರ ಅಡಿ ತಾರಸಿಯ ಮೇಲೆ 20 ಅಂಗುಲ ಮಳೆ ಬಿದ್ದರೆ ಸುಮಾರು 47,000 ಲೀಟರು ನೀರಾಗುತ್ತದೆ. ಐದರಲ್ಲೊಂದು ಪಾಲು ನಷ್ಟವೆಂದು ಕಳೆದರೂ 37,000 ಲೀಟರಿಗೆ ಮೇಲ್ಪಟ್ಟು ಉಳಿಯುವುದು.

ಕೊಳವೆಬಾವಿ ಬತ್ತಿ, ಅದರಿಂದ ಹೊಲಕ್ಕೆ ಹೂಳಿಸಿದ ಪಿ.ವಿ.ಸಿ. ಕೊಳವೆ ಮಾತ್ರ ಉಳಿದಿರುವ ಜಮೀನುಗಳು ಈ ಪ್ರಾಂತದಲ್ಲಿ ಅಪರೂಪವಲ್ಲ. ಕೃಷಿಭಾಗ್ಯ ಯೋಜನೆಯು 2014-15ರಲ್ಲಿ ಆರಂಭವಾದ ತರುವಾಯ ಕೃಷಿಹೊಂಡ ತೋಡಿಸಿದ ರೈತರೂ ಅನೇಕರಿದ್ದಾರೆ. ಹೀಗಿರಲು, ತೋಟದ ಮನೆಯ ತಾರಸಿಯ ನೀರನ್ನು ಆ ಹಳೆಯ ಕೊಳವೆಗೇ ಸೇರಿಸಿ ಹೊಂಡಕ್ಕೆ ಏಕೆ ಒಯ್ಯಬಾರದೆಂಬ ಪ್ರಶ್ನೆಯು ಸಹಜವಾದುದೇ. ಒಯ್ಯಬಹುದು, ಆದರೆ ಕೊಳವೆಯ ಎರಡು ತುದಿಗಳೂ ಎಲ್ಲಿವೆಯೆಂಬುದನ್ನು ಕಣ್ಣಾರೆ ಕಾಣದೆ ಸೇರಿಸಕೂಡದು.

ಯಾತಕ್ಕೆಂದರೆ, ಒಂದು ತುದಿಯು ಇನ್ನೂ ಕೊಳವೆಬಾವಿಗೆ ಕೂಡಿಕೊಂಡಿದ್ದರೆ ಹಕ್ಕಿಯ ಹಿಕ್ಕೆ, ಕಸ, ಧೂಳು ಸಮೇತವಾಗಿ ಮಾಳಿಗೆಯ ನೀರು ನೇರವಾಗಿ ಅಂತರ್ಜಲಕ್ಕಿಳಿಯುವುದು. ಅಕ್ಕಪಕ್ಕದವರ ಬಾವಿಗೂ ಆ ಮಾಲಿನ್ಯವು ತಲುಪೀತು. ಆದುದರಿಂದ ಬಾವಿಯ ಕಡೆಯ ತುದಿಯನ್ನು ಕತ್ತರಿಸಿ ಭದ್ರವಾಗಿ ಮುಚ್ಚಿಸತಕ್ಕದ್ದು. ಕುಡಿಯುವ ನೀರಿನ ಕೊಳವೆಗಾಗಲಿ, ಪಾಯಖಾನೆಯ ಕೊಳವೆಗಾಗಲಿ ಮಳೆನೀರನ್ನು ಎಂದಿಗೂ ಸೇರಿಸಕೂಡದು. ಎರಡನೆಯದಕ್ಕೆ ಸೇರಿಸಿದರೆ ಜೋರು ಮಳೆಯ ದಿನ ಹೊಲಸು ಹಿಮ್ಮುಖವಾಗಿ ಮನೆಯೊಳಕ್ಕೇ ಬರುವುದು.

ಮತ್ತೊಂದು ಸೂಕ್ಷ್ಮವನ್ನು ಎಷ್ಟೋ ಜನ ಮರೆಯುತ್ತಾರೆ. ಪಂಪು ನೀರನ್ನು ತಳ್ಳುತ್ತಿದ್ದ ಕಾಲದಲ್ಲಿ ಕೊಳವೆಯ ಇಳಿಜಾರನ್ನು ಯಾರೂ ನೋಡಿರಲಿಲ್ಲ; ಅದು ಏರಿ ಇಳಿದು ಸಾಗಿರಬಹುದು. ಮಳೆನೀರಿಗೆ ತಳ್ಳುವವರಿಲ್ಲ. ತಗ್ಗಿನಲ್ಲಿ ಹೂಳು ನಿಲ್ಲುವುದು, ಉಬ್ಬಿನಲ್ಲಿ ಗಾಳಿ ಸಿಕ್ಕಿಕೊಳ್ಳುವುದು. ಹೊಂಡದ ತುದಿಯು ಮನೆಯ ಅಂಗಳಕ್ಕಿಂತ ತಗ್ಗಾಗಿದೆಯೇ ಎಂದು ನೀರುಮಟ್ಟದಿಂದ ಪರೀಕ್ಷಿಸಿ, ಅತಿ ತಗ್ಗಿನಲ್ಲಿ ಹೂಳು ತೆಗೆಯಲು ಒಂದು ವಾಲ್ವ್ ಇಡಿಸುವುದು ಒಳ್ಳೆಯದು. 3 ಅಂಗುಲದ ಕೊಳವೆಯು 100 ಅಡಿಗೆ 1 ಅಡಿ ಇಳಿಜಾರಿದ್ದರೆ ಸೆಕೆಂಡಿಗೆ ಸುಮಾರು ಎರಡೂ ಮುಕ್ಕಾಲು ಲೀಟರು ಒಯ್ಯುವುದು. ಗಂಟೆಗೆ 2 ಅಂಗುಲದಂತೆ ಸುರಿಯುವ ಮಳೆಗೆ 1000 ಚದರ ಅಡಿ ತಾರಸಿಯಿಂದ ಬರುವುದು ಸೆಕೆಂಡಿಗೆ ಸುಮಾರು 1.3 ಲೀಟರು. ಹೀಗಾಗಿ ಎರಡು ಮಾಳಿಗೆಗಿಂತ ಹೆಚ್ಚನ್ನು ಅದಕ್ಕೆ ಹೊರಿಸುವುದು ಅವಿವೇಕ. ಕೊಳವೆ ಸೇರುವ ಬಾಯಲ್ಲಿ ಜಾಲರಿಯಿಟ್ಟ ಸಣ್ಣ ಗುಂಡಿಯೊಂದನ್ನು ಕಟ್ಟಿಸಿದರೆ ಎಲೆಯೂ ಮಣ್ಣೂ ಅಲ್ಲೇ ನಿಲ್ಲುವುವು. ಕಟ್ಟಿಸಿದ ಮೇಲೆ ಅದನ್ನು ತೊಳೆಯುವವರು ಯಾರೆಂಬುದನ್ನೂ ಗೊತ್ತುಮಾಡಬೇಕು. ಸಾಮಾನ್ಯವಾಗಿ ಕೆಡುವುದು ಅಲ್ಲಿಯೇ!

ಇಷ್ಟಾದರೂ, ಮಾಳಿಗೆಯ ನೀರೆಲ್ಲವನ್ನೂ ಹೊಂಡಕ್ಕೆ ಕಳುಹಿಸುವುದು ಯುಕ್ತವಲ್ಲ. ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯ ಅನೇಕ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಅಂಶವು ಲೀಟರಿಗೆ 1.5 ಮಿಲಿಗ್ರಾಮಿನ ಮಿತಿಯನ್ನು ಮೀರಿದೆ. ಮಕ್ಕಳ ಹಲ್ಲುಗಳೂ ಹಿರಿಯರ ಕೀಲುಗಳೂ ಅದರಿಂದ ಕೆಡುತ್ತವೆ. ಮಳೆನೀರಿನಲ್ಲಿ ಆ ದೋಷವು ಅತ್ಯಲ್ಪ. ಮೊದಲ ಮಳೆಯ ಕೊಳೆನೀರನ್ನು ಹೊರಗೆ ಬಿಟ್ಟು, ತರುವಾಯದ್ದನ್ನು ಮುಚ್ಚಿದ ತೊಟ್ಟಿಯಲ್ಲಿ ತುಂಬಿ, ಸೋಸಿ, ಕಾಯಿಸಿ ಕುಡಿಯುವುದಕ್ಕೂ ಅಡಿಗೆಗೂ ಇಟ್ಟುಕೊಳ್ಳುವುದೇ ಪ್ರಥಮ ಕರ್ತವ್ಯ. ತೊಟ್ಟಿ ತುಂಬಿ ಹೊರಚೆಲ್ಲುವ ನೀರು ಮಾತ್ರ ಹೂತ ಕೊಳವೆಗೆ ಸಲ್ಲತಕ್ಕದ್ದು. ಶೇಂಗಾ ಬೆಳೆಗೆ ಒಂದು ಹದ ಕಡಿಮೆಯಾದಾಗ ಹೊಂಡದ ನೀರು ಕೈಹಿಡಿಯುವುದು ನಿಜ. ಆದರೂ ಮನೆಯವರ ಬಾಯಾರಿಕೆಯ ಲೆಕ್ಕವು ಅದಕ್ಕೂ ಮೊದಲಿನದು.

ಕೊಳವೆಯು ಹಾದುಹೋಗುವ ಹೊಲವು ಈಗ ಅಣ್ಣತಮ್ಮಂದಿರಲ್ಲಿ ಪಾಲಾಗಿದ್ದರೆ, ಗ್ರಾಮದ ಯಜಮಾನರ ಸಮಕ್ಷಮದಲ್ಲಿ ಅವರ ಒಪ್ಪಿಗೆಯನ್ನು ಬರವಣಿಗೆಯಲ್ಲಿ ಪಡೆದು, ಕೊಳವೆಯ ದಾರಿಗೆ ಗುರುತಿನ ಕಲ್ಲುಗಳನ್ನು ನೆಡಿಸಿ, ಅನಂತರ ಕೆಲಸಕ್ಕೆ ಕೈಹಾಕುವುದು ಲೇಸು.