ಗಾಳಿಗಿಡದ ಕಂದು

ಮರದ ಮೇಲೆ ಬದುಕುವ ಗಿಡವೆಲ್ಲ ಬಂದಳಿಕೆಯಲ್ಲ. ಬಂದಳಿಕೆಯು ಆಶ್ರಯವಿತ್ತ ಮರದೊಳಗೇ ಬೇರಿಳಿಸಿ ರಸ ಹೀರುತ್ತದೆ. ನ್ಯಾಯಾಲಯದ ಮಾತಿನಲ್ಲಿ ಅದು ಅತಿಕ್ರಮಣ. ಟಿಲಾಂಡ್ಸಿಯಾ ಎಂಬ ಗಾಳಿಗಿಡವಾದರೋ ಬರಿಯ ಅತಿಥಿ. ಅದರ ಬೇರು ಆಧಾರವನ್ನು ಹಿಡಿದುಕೊಳ್ಳುವುದಕ್ಕಷ್ಟೇ. ನೀರನ್ನು ಹೀರುವುದು ಎಲೆಗಳ ಮೇಲಿನ ಸೂಕ್ಷ್ಮ ರೋಮಗಳು. ಅಮೆರಿಕ ಖಂಡಗಳಲ್ಲಿ ಇದರ 600ಕ್ಕೂ ಹೆಚ್ಚು ಪ್ರಭೇದಗಳಿವೆ. ನಮ್ಮ ತೋಟದ ಅನಾನಸು ಕೂಡ ಇದೇ ಕುಟುಂಬದ್ದು.

ನರ್ಸರಿಗಳಲ್ಲಿ ಸಾಮಾನ್ಯವಾಗಿ ದೊರೆಯುವುದು ಅಂಗೈಯಲ್ಲಿ ಹಿಡಿಸುವ ಅಯೊನಾಂತಾ. ಹೂ ಬಿಡುವ ಕಾಲಕ್ಕೆ ಎಲೆಗಳು ಕೆಂಪೇರಿ ನೇರಳೆ ಹೂ ಮೂಡುತ್ತದೆ. ಆ ಭಾಗ್ಯ ಗಿಡಕ್ಕೆ ಬಾಳಿನಲ್ಲಿ ಒಂದೇ ಬಾರಿ. ಬಳಿಕ ತಾಯಿಗಿಡ ಮೆಲ್ಲನೆ ಕ್ಷೀಣಿಸುತ್ತದೆ. ಗಿಡ ಸತ್ತಿತೆಂದು ಎಸೆದುಬಿಟ್ಟರೆ ಮುಂದಿನ ತಲೆಮಾರೂ ಅದರೊಂದಿಗೇ ಹೋಗುತ್ತದೆ. ಏಕೆಂದರೆ ಅದೇ ವೇಳೆಗೆ ಬುಡದ ಎಲೆಸಂದಿಯಲ್ಲಿ, ಬಾಳೆಯ ಬುಡದಲ್ಲಿರುವಂತೆಯೇ, ಕಂದುಗಳು ತಲೆಯೆತ್ತುತ್ತಿರುತ್ತವೆ.

ಕಂದು ತಾಯಿಯ ಎತ್ತರದ ಮೂರನೆಯ ಒಂದು ಪಾಲಾದರೂ ಬೆಳೆಯುವವರೆಗೆ ಅದನ್ನು ಬೇರ್ಪಡಿಸಬಾರದು. ಅರ್ಧದಷ್ಟಾದರೆ ಇನ್ನೂ ಕ್ಷೇಮ. ಅಲ್ಲಿಯವರೆಗೆ ಅದಕ್ಕೆ ತಾಯಿಯ ಪೋಷಣೆ ಬೇಕು. ಬುಡ ಹಿಡಿದು ಮೆಲ್ಲನೆ ತಿರುಗಿಸಿದರೆ ಬಲಿತ ಕಂದು ಕಳಚಿಕೊಳ್ಳುತ್ತದೆ. ಬಾರದಿದ್ದರೆ ಇನ್ನಷ್ಟು ದಿನ ಬಿಡಿ. ಬಿಡಿಸದೆ ಇಟ್ಟರೂ ಗೊಂಚಲಾಗಿ ಬೆಳೆದೀತು.

ಬಿಡಿಸಿದ ಕಂದಿಗೆ ಮಣ್ಣು ಬೇಡ. ತೆಂಗಿನ ಗೆರಟೆಯೋ ಒಣಮರದ ತುಂಡೋ ಸಾಕು. ಬೇಸಗೆಯಲ್ಲಿ ವಾರಕ್ಕೆ ಎರಡು ಬಾರಿ ನೀರಿನಲ್ಲಿ ಅದ್ದಿ, ತಲೆಕೆಳಗಾಗಿ ಹಿಡಿದು ನೀರು ಒದರಿ, ನಾಲ್ಕು ಗಂಟೆಯೊಳಗೆ ಆರುವಂತೆ ಗಾಳಿಯಾಡುವ ಜಗಲಿಯಲ್ಲಿಡಿ. ಆಟಿಯ ಜಡಿಮಳೆಗೆ ಒಡ್ಡಬೇಡಿ. ಎಲೆಗಳ ನಡುವೆ ನೀರು ನಿಂತರೆ ಬುಡ ಕೊಳೆಯುತ್ತದೆ. ಅಡಿಕೆ ಮರಕ್ಕೆ ಕಟ್ಟುವ ಆಸೆಯೂ ಬೇಡ. ಕೊಳೆರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣದ ಮೈಲುತುತ್ತಿನಲ್ಲಿ ತಾಮ್ರವಿದೆ. ತಾಮ್ರ ಈ ಗಿಡಕ್ಕೆ ವಿಷ. ತಾಮ್ರದ ತಂತಿಯಿಂದ ಬಿಗಿಯುವುದೂ ಸಲ್ಲದು.

ಕೊಳ್ಳುವವರಿಗೆ ಕಾನೂನಿನ ಒಂದು ಮಾತು. ಜೆರೋಗ್ರಾಫಿಕಾ ಎಂಬ ದೊಡ್ಡ ಪ್ರಭೇದವು ವನ್ಯಜೀವಿ ವ್ಯಾಪಾರ ಕುರಿತ ಅಂತಾರಾಷ್ಟ್ರೀಯ ಒಪ್ಪಂದದ ಎರಡನೆಯ ಅನುಬಂಧದಲ್ಲಿದೆ. ಪರವಾನಿಗೆಯಿಲ್ಲದೆ ಅದನ್ನು ದೇಶದಿಂದ ದೇಶಕ್ಕೆ ಸಾಗಿಸುವಂತಿಲ್ಲ. ಭಾರತ 1976ರಿಂದ ಈ ಒಪ್ಪಂದಕ್ಕೆ ಬದ್ಧವಾಗಿದೆ. ಆದುದರಿಂದ ಮಾರುವವರಲ್ಲಿ ಗಿಡದ ಮೂಲವನ್ನು ವಿಚಾರಿಸುವುದು ಅಧಿಕಪ್ರಸಂಗವಲ್ಲ, ಕರ್ತವ್ಯ. ಕೊಳ್ಳುವುದಕ್ಕಿಂತಲೂ ಮೇಲಾದ ದಾರಿಯೆಂದರೆ ನೆರೆಮನೆಯಿಂದ ಕಂದು ಕೇಳಿ ತರುವುದು. ಅದನ್ನು ಮಕ್ಕಳ ಕೈಗೇ ಒಪ್ಪಿಸಿ. ಅದು ಹೂ ಬಿಡಲು ವರ್ಷಗಳೇ ಬೇಕಾದೀತು. ಕಾಯುವ ವಿದ್ಯೆಗೆ ಇದಕ್ಕಿಂತ ಸುಲಭದ ಪಾಠವಿಲ್ಲ.