ಹಾಲು ಒಗ್ಗದ ಕೂಸು, ಹಠ ಬಿಡದ ಹಿರಿಯರು

ಮದ್ಯ, ಮಾಂಸ, ಮಧುಗಳ ತ್ಯಾಗವನ್ನೂ ಐದು ಅಣುವ್ರತಗಳನ್ನೂ ಕೂಡಿಸಿ ಆಚಾರ್ಯ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಗೃಹಸ್ಥನ ಎಂಟು ಮೂಲಗುಣಗಳನ್ನು ನಿರೂಪಿಸಿದ್ದಾರೆ. ಹಾಲು ಕುಡಿಯಲೇಬೇಕೆಂಬ ವಿಧಿ ಆ ಎಂಟರಲ್ಲಿ ಇಲ್ಲ. ಇಷ್ಟು ಸರಳವಾದ ಸಂಗತಿಯನ್ನು ಸಮಾಜ ಬಾಂಧವರಿಗೆ ನೆನಪಿಸಬೇಕಾಗಿ ಬಂದಿರುವುದು ಖೇದದ ವಿಷಯ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳ ಜೈನ ಮನೆಗಳಲ್ಲಿ ಹಾಲು ಈಗ ಕೇವಲ ಒಂದು ಆಹಾರವಾಗಿ ಉಳಿದಿಲ್ಲ. ಅದು ಕುಲಾಚಾರವಾಗಿದೆ, ಸಾತ್ತ್ವಿಕತೆಯ ಗುರುತಾಗಿದೆ. ಅದನ್ನು ಪ್ರಶ್ನಿಸಿದ ಸೊಸೆ ಮನೆತನವನ್ನೇ ಪ್ರಶ್ನಿಸಿದವಳಾಗುತ್ತಾಳೆ. ಈ ಹಠದ ಬೆಲೆಯನ್ನು ತೆರುವವರು ಮಾತ್ರ ತಮ್ಮ ನೋವನ್ನು ಹೇಳಲು ಬಾರದ ಒಂದೆರಡು ವರ್ಷದ ಕೂಸುಗಳು.

ಹಾಲು ಒಗ್ಗದ ಕೂಸಿರುವ ಮನೆಯಲ್ಲಿ ನಡೆಯುವುದು ಸಾಮಾನ್ಯವಾಗಿ ಹೀಗೆ. ಎದೆಹಾಲಿನ ಜೊತೆಗೆ ಆಕಳ ಅಥವಾ ಎಮ್ಮೆಯ ಹಾಲನ್ನು ಮೊದಲಿಡುತ್ತಾರೆ. ಕೆಲವು ನಿಮಿಷಗಳಲ್ಲಿ ಕೂಸಿನ ಮೈಮೇಲೆ ಗಂಧೆಗಳೇಳುತ್ತವೆ, ತುಟಿ ಊದುತ್ತದೆ, ವಾಂತಿಯಾಗುತ್ತದೆ. ಅಥವಾ ಹಾಗೇನೂ ಆಗದೆ ದಿನಗಳು ಕಳೆದಂತೆ ಮಲದಲ್ಲಿ ಲೋಳೆ, ರಕ್ತದ ಗೆರೆ ಕಾಣಿಸಿಕೊಂಡು, ತೂಕ ಏರುವುದು ನಿಲ್ಲುತ್ತದೆ. ಹಲ್ಲು ಬರುವ ಕಾಲವೆಂದು ಒಬ್ಬರು, ದೃಷ್ಟಿ ತಾಗಿದೆಯೆಂದು ಇನ್ನೊಬ್ಬರು. ಹಾಲು ಗಟ್ಟಿಯಾಯಿತು, ನೀರು ಬೆರೆಸಿ ಮತ್ತೊಮ್ಮೆ ಕುದಿಸಿ ಕೊಡಿ ಎಂಬ ಸಲಹೆ ಮೂರನೆಯವರದು. "ನಾವೆಲ್ಲಾ ಹಾಲು ಕುಡದ ಬೆಳದೇವಿ, ಇದಕ್ಕಷ್ಟ ಯಾಕ ಆಗೂದಿಲ್ಲ?" ಎಂಬ ಹಿರಿಯರ ಪ್ರಶ್ನೆಯ ಮುಂದೆ ಕೂಸಿನ ತಾಯಿ ಸುಮ್ಮನಾಗುತ್ತಾಳೆ. ಲೋಟ ಮತ್ತೆ ಕೂಸಿನ ಬಾಯಿಗೆ ಬರುತ್ತದೆ.

ಹಿರಿಯರ ಪ್ರಶ್ನೆಗೆ ಉತ್ತರ ಕಠಿಣವಾದುದೇನಲ್ಲ. ಹಾಲಿನಲ್ಲಿರುವ ಕೇಸಿನ್ ಮೊದಲಾದ ಪ್ರೋಟೀನುಗಳನ್ನು ಕೆಲವು ಮಕ್ಕಳ ದೇಹ ಶತ್ರುವೆಂದು ತಿಳಿದು ಅದರ ಮೇಲೆ ಬೀಳುತ್ತದೆ, ಇದು ಅಲರ್ಜಿ. ಪಾಶ್ಚಾತ್ಯ ದೇಶಗಳ ಹಲವು ಅಧ್ಯಯನಗಳು ನೂರು ಶಿಶುಗಳಲ್ಲಿ ಎರಡು ಮೂರಕ್ಕೆ ಇದು ಇರಬಹುದೆಂದು ಹೇಳಿವೆ. ಕೇಸಿನ್ ಕಾವಿಗೆ ಜಗ್ಗುವಂಥದಲ್ಲವಾದ್ದರಿಂದ ಎಷ್ಟು ಕುದಿಸಿದರೂ ದೋಷ ಹೋಗದು. ನೀರು ಬೆರೆಸಿದರೆ ಹಾಲು ತೆಳುವಾಗುವುದೇ ಹೊರತು ನಿರಪಾಯವಾಗದು. ಬೆಣ್ಣೆ ಕಾಸಿದ ತುಪ್ಪದಲ್ಲಿಯೂ ಪ್ರೋಟೀನಿನ ಲೇಶ ಉಳಿದಿರಬಲ್ಲದು. ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್ ಜೀರ್ಣವಾಗದಿರುವುದು ಬೇರೆಯೇ ತೊಂದರೆ. ಭೇದಿಯಾದ ನಂತರ ಮಕ್ಕಳಲ್ಲಿ ಅದು ಕೆಲಕಾಲ ಕಾಣಿಸಿಕೊಂಡು ಹೋಗುತ್ತದೆ. ಈ ಎರಡನ್ನು ಒಂದೇ ಎಂದು ಬಗೆದು, ಅಂಗಡಿಯಲ್ಲಿ ದೊರೆಯುವ ಲ್ಯಾಕ್ಟೋಸ್ ರಹಿತ ಹಾಲನ್ನು ಅಲರ್ಜಿಯ ಕೂಸಿಗೆ ಕುಡಿಸುವುದು ಅಪಾಯವನ್ನು ಹಣ ಕೊಟ್ಟು ತಂದಂತೆ.

ಪ್ರಮಾದದಿಂದ, ಎಂದರೆ ಎಚ್ಚರಗೇಡಿತನದಿಂದ, ಪ್ರಾಣಗಳಿಗೆ ಉಂಟುಮಾಡುವ ಘಾತವೇ ಹಿಂಸೆಯೆಂದು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯ ಹೇಳುತ್ತದೆ. ಮೊದಲ ಬಾರಿ ಕೊಟ್ಟಾಗ ಯಾರಿಗೂ ತಿಳಿದಿರಲಿಲ್ಲ, ಅದು ಕ್ಷಮ್ಯ. ಕಣ್ಣೆದುರು ಗಂಧೆಯೆದ್ದ ಮೇಲೂ ಮೂರನೆಯ ಬಾರಿ ಕುಡಿಸುವುದಕ್ಕೆ ಪ್ರಮಾದವೆಂದಲ್ಲದೆ ಬೇರೆ ಯಾವ ಹೆಸರಿದೆ? ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯುವ ಮನೆಯಲ್ಲಿ ಈ ಎಚ್ಚರ ತಪ್ಪಬಾರದಿತ್ತು.

ಹಾಲನ್ನು ಬಿಡುವುದು ಧರ್ಮಕ್ಕೆ ಹೊರತಾದುದೆಂಬ ಭಾವನೆಯೂ ಶಾಸ್ತ್ರದ ಮುಂದೆ ನಿಲ್ಲದು. ಆರು ಬಾಹ್ಯ ತಪಸ್ಸುಗಳಲ್ಲಿ ರಸಪರಿತ್ಯಾಗವೂ ಒಂದು. ತ್ಯಜಿಸತಕ್ಕ ರಸಗಳಲ್ಲಿ ಹಾಲು, ಮೊಸರು, ತುಪ್ಪಗಳೇ ಸೇರಿವೆ. ಶ್ವೇತಾಂಬರ ಬಂಧುಗಳು ಇವನ್ನು ವಿಗಯಿ ಎಂದು ಕರೆದು ಆಯಂಬಿಲದ ದಿನ ಮುಟ್ಟುವುದಿಲ್ಲ. ಭಗವಾನ್ ವೃಷಭನಾಥರ ದೀರ್ಘ ಉಪವಾಸ ಹಸ್ತಿನಾಪುರದಲ್ಲಿ ಮುಗಿದದ್ದು ಶ್ರೇಯಾಂಸನಿತ್ತ ಕಬ್ಬಿನ ರಸದಿಂದ. ಅಕ್ಷಯ ತೃತೀಯೆಯನ್ನು ಆಚರಿಸುವವರೆಲ್ಲರೂ ಇದನ್ನು ಬಲ್ಲರು. ಇತರ ತೀರ್ಥಂಕರರಿಗೆ ಕ್ಷೀರಾನ್ನದ ಪಾರಣೆಯಾಯಿತೆಂಬ ಪರಂಪರೆಯೂ ಉಂಟು, ಅದನ್ನು ಮುಚ್ಚಿಡಬೇಕಾದುದಿಲ್ಲ. ಹಾಲು ಗ್ರಾಹ್ಯ, ಆದರೆ ಅನಿವಾರ್ಯವಲ್ಲ ಎಂಬುದಷ್ಟೇ ಇದರಿಂದ ತಿಳಿಯುವುದು.

ಇಲ್ಲಿಯವರೆಗಿನ ಮಾತನ್ನು ಕೇಳಿ ಸಂತೋಷಪಡುವ ಇನ್ನೊಂದು ಪಕ್ಷವಿದೆ. ನೆರೆಮನೆಯವರು ಹೇಳಿದರು, ಮೊಬೈಲಿನಲ್ಲಿ ಯಾರೋ ಕಳುಹಿಸಿದರು ಎಂದು ಒಂದೇ ದಿನದಲ್ಲಿ ಕೂಸಿನ ಹಾಲು ಮೊಸರು ತಪ್ಪಿಸಿ, ಬದಲಿಗೆ ಬಾದಾಮಿ ತೇಯ್ದ ನೀರನ್ನು ಕುಡಿಸುವ ಪಕ್ಷವದು. ಅವರು ಅದೇ ಏಳನೆಯ ಅಧ್ಯಾಯವನ್ನು ಸ್ವಲ್ಪ ಮುಂದೆ ಓದಲಿ. ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಕೊನೆಯದು ಅನ್ನಪಾನನಿರೋಧ, ಅಧೀನದಲ್ಲಿರುವ ಜೀವಿಗೆ ಸಲ್ಲಬೇಕಾದ ಅನ್ನಪಾನಗಳನ್ನು ತಡೆಯುವುದು. ತಿಳಿದ ಶ್ರಾವಕ ತಾನಾಗಿ ರಸವನ್ನು ಬಿಟ್ಟರೆ ತಪಸ್ಸು. ಎರಡು ವರ್ಷದ ಕೂಸಿನಿಂದ ಬಿಡಿಸಿ, ಅದಕ್ಕೆ ಸಮನಾದುದನ್ನು ಕೊಡದಿದ್ದರೆ ಅದು ನಿರೋಧ.

ಬ್ಯಾಡಗಿಯ ಪೇಟೆಯಲ್ಲಿ ಚೀಲ ಬಿಚ್ಚಿಸಿ, ಕಾಯಿ ಮುರಿದು, ಡಬ್ಬಿಯೋ ಕಡ್ಡಿಯೋ, ಹಸಿಯೋ ಒಣಗಿದುದೋ ಎಂದು ನೋಡದೆ ಯಾವ ವರ್ತಕನೂ ಮೆಣಸಿನಕಾಯಿಗೆ ದರ ಬರೆಯುವುದಿಲ್ಲ. ಮಗುವಿನ ವಿಷಯದಲ್ಲಿ ಮಾತ್ರ ಪರೀಕ್ಷೆಯಿಲ್ಲದೆ ತೀರ್ಮಾನ! ಪರೀಕ್ಷೆಯ ಕ್ರಮವಾದರೂ ದುಸ್ಸಾಧ್ಯವಲ್ಲ. ನಿಧಾನವಾಗಿ ಕಾಣಿಸಿಕೊಳ್ಳುವ ಲಕ್ಷಣಗಳಾದರೆ ಮಕ್ಕಳ ವೈದ್ಯರು ಎರಡರಿಂದ ನಾಲ್ಕು ವಾರ ಹಾಲಿನ ಅಂಶವನ್ನು ಪೂರ್ತಿ ತೆಗೆಸಿ, ಗುಣ ಕಂಡರೆ ಮತ್ತೆ ಕೊಟ್ಟು ನೋಡುತ್ತಾರೆ. ಬಿಟ್ಟಾಗ ಗುಣವಾಗಿ, ಕೊಟ್ಟಾಗ ಮರುಕಳಿಸಿದರೆ ನಿಶ್ಚಯ. ಬಿಟ್ಟರೂ ವ್ಯತ್ಯಾಸವಿಲ್ಲದಿದ್ದರೆ ಹಾಲಿನ ಮೇಲಿನ ಆರೋಪ ಬಿದ್ದುಹೋಗುತ್ತದೆ, ಕೂಸು ಮತ್ತೆ ಹಾಲು ಕುಡಿಯಬಹುದು. ನಿಮಿಷಗಳಲ್ಲಿ ಗಂಧೆ, ಊತ, ಉಬ್ಬಸ ಬರುವ ಕೂಸಿಗೆ ಚರ್ಮದ ಅಥವಾ ರಕ್ತದ ಪರೀಕ್ಷೆಯುಂಟು. ಅಂಥ ಕೂಸಿಗೆ ಮನೆಯಲ್ಲಿ ಹಾಲು ಕೊಟ್ಟು ನೋಡುವ ಸಾಹಸ ಸರ್ವಥಾ ಕೂಡದು. ಉಸಿರು ಕಟ್ಟಿದರೆ, ಕೂಸು ಸೋತು ಬಿದ್ದರೆ ಹತ್ತಿರದ ಆಸ್ಪತ್ರೆಗೆ ತಕ್ಷಣ ಓಡಬೇಕು. ಊರಿನ ವೈದ್ಯರು ಹೇಳಿದರೆ ಹುಬ್ಬಳ್ಳಿಗೋ ದಾವಣಗೆರೆಗೋ ಹೋಗುವುದು ದೊಡ್ಡ ಮಾತಲ್ಲ. ಸರಕು ಮಾರಲು ಅದಕ್ಕಿಂತ ದೂರ ಹೋಗುವ ಜನ ನಮ್ಮವರು. ಎದೆಹಾಲನ್ನು ಮಾತ್ರ ನಿಲ್ಲಿಸಬಾರದು. ತಾಯಿ ಉಂಡ ಹಾಲಿನ ಅಂಶದಿಂದ ಕೂಸಿಗೆ ತೊಂದರೆಯಾಗುತ್ತಿದ್ದರೆ ತಾಯಿ ಹಾಲು ಬಿಡಬೇಕಾದೀತು. ಆಗ ಆಕೆಗೆ ಸುಣ್ಣದ ಅಂಶದ ಮಾತ್ರೆ ಬೇಕು. ಅತ್ತೆಯವರು ಇದನ್ನು ಸೊಸೆಯ ನಖರಾ ಎಂದು ತಿಳಿಯದಿರಲಿ.

ನಿಶ್ಚಯವಾದ ಮೇಲೆ ಬದಲಿ ಯಾವುದು? ಮೊದಲು ಕೇಳಿಬರುವ ಹೆಸರು ಆಡಿನ ಹಾಲು. ಆಕಳ ಹಾಲು ಒಗ್ಗದ ಮಕ್ಕಳಲ್ಲಿ ಬಹುಪಾಲು ಮಕ್ಕಳಿಗೆ ಆಡಿನ ಹಾಲೂ ಒಗ್ಗದು, ಏಕೆಂದರೆ ಪ್ರೋಟೀನುಗಳು ಅಣ್ಣತಮ್ಮಂದಿರಂತೆ ಹೋಲುತ್ತವೆ. ಎಮ್ಮೆಯ ಹಾಲಿಗೂ ಇದೇ ಮಾತು. ನಮ್ಮ ಊರುಗಳ ಬೀದಿಗಳಲ್ಲಿ ಕತ್ತೆಯನ್ನು ಹೊಡೆದುಕೊಂಡು ಬಂದು, ಬಾಗಿಲಲ್ಲೇ ಕರೆದು, ಮಕ್ಕಳ ಸರ್ವರೋಗಕ್ಕೂ ಮದ್ದೆಂದು ಒಂದು ಚಮಚ ಕತ್ತೆಯ ಹಾಲನ್ನು ಹೆಚ್ಚಿನ ಬೆಲೆಗೆ ಮಾರುವವರಿದ್ದಾರೆ. ಕಾಸದ ಹಾಲಿನಿಂದ ರೋಗಾಣು ಕೂಸಿನ ಹೊಟ್ಟೆಗೆ ಹೋದೀತೆಂಬುದು ಒಂದು ಭಯ. ಮರಿಯ ಪಾಲನ್ನು ಕಸಿದುದಾಗುತ್ತದೆಂಬುದು ಶ್ರಾವಕನಿಗಿರಬೇಕಾದ ಇನ್ನೊಂದು ಭಯ.

ಸಸ್ಯಮೂಲದ ಪಾನೀಯಗಳ ವಿಷಯದಲ್ಲಿ ಹೆಸರಿಗೆ ಮೋಸ ಹೋಗಬಾರದು. ಭಾರತೀಯ ಆಹಾರ ಸುರಕ್ಷತಾ ಪ್ರಾಧಿಕಾರವು ಇಂತಹವುಗಳ ಮೇಲೆ 'ಹಾಲು' ಎಂಬ ಶಬ್ದ ಕೂಡದೆಂದು 2021ರಲ್ಲಿ ಕ್ರಮ ಕೈಗೊಂಡಿತು. 100 ಮಿಲಿಲೀಟರ್ ಆಕಳ ಹಾಲಿನಲ್ಲಿ ಪ್ರೋಟೀನು ಸುಮಾರು 3 ಗ್ರಾಂ. ಬಾದಾಮಿಯ ಪಾನೀಯದಲ್ಲಿ ಸಾಮಾನ್ಯವಾಗಿ ಒಂದು ಗ್ರಾಮಿಗೂ ಕಡಿಮೆ. ಅಕ್ಕಿಯದರಲ್ಲಿ ಇನ್ನೂ ಕಡಿಮೆ, ಅದರ ಮೇಲೆ ಆರ್ಸೆನಿಕ್ಕಿನ ಶಂಕೆ. ಬ್ರಿಟನ್ನಿನ ಆರೋಗ್ಯ ಇಲಾಖೆಯವರು ಐದು ವರ್ಷದೊಳಗಿನ ಮಕ್ಕಳಿಗೆ ಹಾಲಿನ ಬದಲು ಅದನ್ನು ಕೊಡಬೇಡಿರೆನ್ನುತ್ತಾರೆ. ಅಮೆರಿಕದ ಅಟ್ಲಾಂಟಾದ ವೈದ್ಯರು 2001ರಲ್ಲಿ ಎರಡು ಮಕ್ಕಳ ವೃತ್ತಾಂತವನ್ನು ಪ್ರಕಟಿಸಿದರು. ಅಕ್ಕಿಯ ಪಾನೀಯದ ಮೇಲೆ ಬೆಳೆಸಿದ ಕೂಸಿಗೆ ಬರಗಾಲದ ಮಕ್ಕಳಿಗೆ ಬರುವ ಕ್ವಾಶಿಯೋರ್ಕರ್ ಬಂದಿತ್ತು. ಜೀವಸತ್ವ ಸೇರಿಸದ ಸೋಯಾ ಪಾನೀಯದ ಮೇಲೆ ಬೆಳೆದ ಕೂಸಿಗೆ ಮೂಳೆ ಮೆದುವಾಗುವ ರಿಕೆಟ್ಸ್. ಆ ಎರಡೂ ಮನೆಗಳಲ್ಲಿ ಅನ್ನಕ್ಕೆ ಬರವಿರಲಿಲ್ಲ. ವರ್ಷ ತುಂಬಿದ ಕೂಸಿಗೆ ಪ್ರೋಟೀನಿನ ಲೆಕ್ಕದಲ್ಲಿ ಹಾಲಿಗೆ ಹತ್ತಿರ ಬರುವುದು ಕ್ಯಾಲ್ಸಿಯಂ, ಬಿ12, ಡಿ ಜೀವಸತ್ವಗಳನ್ನು ಸೇರಿಸಿದ, ಸಕ್ಕರೆ ಬೆರೆಸದ ಸೋಯಾ ಪಾನೀಯ. ಅದೂ ಸೋಯಾ ಒಗ್ಗಿದರೆ. ಮನೆಯಲ್ಲಿ ಸೋಯಾ ನೆನೆಸಿ ರುಬ್ಬಿದ ಹಾಲಿನಲ್ಲಿ ಈ ಸೇರ್ಪಡೆಗಳಿಲ್ಲ. ವರ್ಷದೊಳಗಿನ ಶಿಶುವಿಗಾದರೆ ಇವಾವುವೂ ಸಲ್ಲವು. ಎದೆಹಾಲು ಸಾಲದಿದ್ದರೆ ವೈದ್ಯರು ಬರೆದುಕೊಡುವ ವಿಶೇಷ ಪುಡಿಯೊಂದೇ ದಾರಿ.

ರಾಗಿಯಿದೆಯಲ್ಲ ಎನ್ನುವವರಿಗೆ ವ್ಯಾಪಾರದ ಭಾಷೆಯಲ್ಲಿಯೇ ಲೆಕ್ಕ ಒಪ್ಪಿಸಬಹುದು. ಒಂದರಿಂದ ಮೂರು ವರ್ಷದ ಮಗುವಿಗೆ ದಿನಕ್ಕೆ ಬೇಕಾದ ಕ್ಯಾಲ್ಸಿಯಂ 500 ಮಿಲಿಗ್ರಾಂ. 100 ಗ್ರಾಂ ರಾಗಿಯಲ್ಲಿ ಇರುವುದು ಸುಮಾರು 350. ಕೂಸು ದಿನಕ್ಕೆ 40 ಗ್ರಾಂ ಹಿಟ್ಟಿನ ಗಂಜಿಯನ್ನು ಉಂಡರೂ ಜಮೆಯಾಗುವುದು 140. ಅದರಲ್ಲಿಯೂ ರಾಗಿಯ ಫೈಟೇಟ್ ಎಂಬ ಅಂಶ ಒಂದು ಪಾಲನ್ನು ಮೈಗೆ ಹತ್ತಗೊಡುವುದಿಲ್ಲ. ಮೊಳಕೆ ಕಟ್ಟಿಸಿದರೆ ಅದು ತಗ್ಗುತ್ತದೆ. ಮೊಳಕೆಯನ್ನು ಅನಂತಕಾಯವೆಂದು ವರ್ಜಿಸುವ ಮನೆಗಳಲ್ಲಿ ನೆನೆಸಿ, ನೀರು ಚೆಲ್ಲಿ, ಒಣಗಿಸಿ ಬೀಸಿದರೂ ಸ್ವಲ್ಪ ಪ್ರಯೋಜನವುಂಟು. ಎಳ್ಳಿನಲ್ಲಿ ಕ್ಯಾಲ್ಸಿಯಂ ಹೇರಳ, ಆದರೆ ಕೂಸು ತಿನ್ನುವುದು ಒಂದು ಚಮಚ. ಆದ್ದರಿಂದ ರಾಗಿ, ಎಳ್ಳು, ನುಣ್ಣಗೆ ಅರೆದ ಶೇಂಗಾ, ತೊಗರಿ, ಹೆಸರು, ಪುಟಾಣಿ ಹಿಟ್ಟು, ನುಗ್ಗೆಸೊಪ್ಪು ಎಲ್ಲವೂ ಬೇಕು. ಎಳ್ಳು ಶೇಂಗಾಗಳಿಗೂ ಅಲರ್ಜಿಯುಂಟಾದ್ದರಿಂದ ಒಂದೊಂದನ್ನೇ ಕೊಟ್ಟು ನೋಡಬೇಕು. ಇಷ್ಟಾದರೂ ಬಾಕಿ ಉಳಿಯುವುದನ್ನು ವೈದ್ಯರು ಹೇಳುವ ಕ್ಯಾಲ್ಸಿಯಂ ದ್ರವದಿಂದ ತುಂಬಬೇಕು. (ಹಾಲು ಮೊಸರೇ ಇಲ್ಲದ ಮೇಲೆ ಬೇಳೆಯೊಡನೆ ಅವು ಬೆರೆತು ದ್ವಿದಳ ದೋಷವಾಯಿತೇ ಎಂಬ ಚಿಂತೆಯಾದರೂ ಆ ಅಡುಗೆಯಲ್ಲಿ ಇಲ್ಲ.)

ಇದೆಲ್ಲಕ್ಕಿಂತ ಗಂಭೀರವಾದುದು ಬಿ12. ಮೊಟ್ಟೆ ಮಾಂಸಗಳನ್ನು ಮುಟ್ಟದ ಜೈನ ಕೂಸಿಗೆ ಊಟದಲ್ಲಿ ಈ ಜೀವಸತ್ವ ದೊರೆಯುವ ದಾರಿ ಹಾಲೊಂದೇ. ಹಾಲು ತಪ್ಪಿದರೆ ಆ ದಾರಿ ಪೂರ್ತಿ ಮುಚ್ಚುತ್ತದೆ. ಯಾವ ಸೊಪ್ಪು, ಯಾವ ಬೇಳೆಯೂ ಅದನ್ನು ತೆರೆಯದು. ತಾಯಿಯಲ್ಲಿಯೇ ಕೊರತೆಯಿದ್ದರೆ ಎದೆಹಾಲಿನಲ್ಲಿಯೂ ಇರದು. ಇದರ ಅಭಾವದಿಂದ ಕೂಸು ಬಿಳಿಚಿಕೊಂಡು, ಮಂಕಾಗಿ, ಕಲಿತ ನಗುವನ್ನೂ ಕಲಿತ ಕೂರುವುದನ್ನೂ ಮರೆಯುತ್ತದೆ. ಕೈಕಾಲು ನಡುಗುವ ಮಕ್ಕಳೂ ಇದ್ದಾರೆ. ತಡವಾದರೆ ಮಿದುಳಿನ ಹಾನಿ ಉಳಿದುಹೋಗಬಹುದು. ಹಾಲು ಬಿಡಿಸಿದ ದಿನವೇ ಬಿ12 ಹನಿಯನ್ನು ಕೇಳಿ ಬರೆಸಿಕೊಳ್ಳದ ತಂದೆತಾಯಿ ಅರ್ಧ ಕೆಲಸ ಮಾಡಿ ಪೂರ್ತಿ ಅಪಾಯ ತಂದವರು.

ಈ ಹನಿಗಳು, ಈ ಪುಡಿಗಳು ಶುದ್ಧವೇ ಎಂಬ ಪ್ರಶ್ನೆ ಏಳುತ್ತದೆ, ಏಳಬೇಕಾದುದೇ. ಬಿ12 ಅನ್ನು ಸೂಕ್ಷ್ಮಾಣುಗಳಿಂದ ತಯಾರಿಸುತ್ತಾರೆ, ಪ್ರಾಣಿಯ ಅಂಗದಿಂದಲ್ಲ. ಡಿ3 ಸಾಮಾನ್ಯವಾಗಿ ಕುರಿಯ ಉಣ್ಣೆಯ ಜಿಡ್ಡಿನಿಂದ ಬರುತ್ತದೆ; ಸಸ್ಯಮೂಲದ್ದೂ ಉಂಟು. ಹಾಲಿನ ಪ್ರೋಟೀನನ್ನು ಒಡೆದು ಮಾಡಿದ ಕೆಲವು ಶಿಶು ಪುಡಿಗಳಲ್ಲಿ ಒಡೆಯುವ ಕೆಲಸಕ್ಕೆ ಹಂದಿಯಿಂದ ತೆಗೆದ ಕಿಣ್ವಗಳನ್ನು ಬಳಸುತ್ತಾರೆಂಬುದು ಮಾತ್ರ ನಮ್ಮವರು ತಿಳಿದಿರಬೇಕಾದ ಅಪ್ರಿಯ ಸತ್ಯ. ಅಮೈನೋ ಆಮ್ಲಗಳ ಪುಡಿ, ಆರು ತಿಂಗಳು ದಾಟಿದ ಕೂಸಿಗೆ ಸೋಯಾ ಶಿಶು ಪುಡಿ ಎಂಬ ಬೇರೆ ದಾರಿಗಳಿರುವುದರಿಂದ ವೈದ್ಯರನ್ನು ನಾಚದೆ ಕೇಳಬೇಕು. ಮಾಂಸ, ಮದ್ಯ, ಮಧುಗಳಿಲ್ಲದ ಚಿಕಿತ್ಸೆಯನ್ನು ಪ್ರತಿಪಾದಿಸಿದ ಉಗ್ರಾದಿತ್ಯರ ಕಲ್ಯಾಣಕಾರಕ ನಮ್ಮ ಪರಂಪರೆಯದೇ. ಆದರೆ ಉಗ್ರಾದಿತ್ಯರು ಅಶುದ್ಧ ಔಷಧವನ್ನು ಬೇಡವೆಂದು ರೋಗಿಯನ್ನು ಕೈಬಿಡಲಿಲ್ಲ. ಬೇರೆ ಔಷಧವನ್ನು ಹೇಳಿದರು. ಶುದ್ಧಿಯ ನೆಪದಿಂದ ಪುಡಿಯನ್ನೂ ಬಿಟ್ಟು ಹನಿಯನ್ನೂ ಬಿಟ್ಟು ಕೂಸಿಗೆ ಸಕ್ಕರೆ ನೀರು ಕುಡಿಸುವವರು ಅವರ ಹೆಸರನ್ನೆತ್ತಬಾರದು.

ಇನ್ನು ಬಸದಿಗಳ ಟ್ರಸ್ಟುಗಳ ಮಾತು. ಆಹಾರದಾನ, ಔಷಧದಾನಗಳ ಫಲಕಗಳನ್ನು ಅಮೃತಶಿಲೆಯಲ್ಲಿ ಕೆತ್ತಿಸುವ ಟ್ರಸ್ಟುಗಳು ಭೋಜನಶಾಲೆಯ ಗೋಡೆಯ ಮೇಲೆ ಯಾವ ಪದಾರ್ಥದಲ್ಲಿ ಹಾಲು, ಮೊಸರು, ಖೋವಾ, ತುಪ್ಪ ಸೇರಿದೆಯೆಂದು ಸೀಮೆಸುಣ್ಣದಿಂದ ಬರೆಸಲಾರವೇ? ಪೊಟ್ಟಣದ ತಿನಿಸಿನ ಮೇಲೆ ಹಾಲಿನ ಅಂಶವಿದ್ದರೆ ಮುದ್ರಿಸಲೇಬೇಕೆಂದು ಕಾನೂನಿದೆ. ಬಸದಿಯ ಪಂಕ್ತಿಯಲ್ಲಿ ಆ ಮಟ್ಟಿನ ಪ್ರಾಮಾಣಿಕತೆಯೂ ಬೇಡವೇ? ಪಂಚಾಮೃತ ಅಭಿಷೇಕದ ಗಂಧೋದಕವನ್ನು ಪ್ರೀತಿಯಿಂದ ಕೂಸಿನ ಹಣೆಗೆ, ಕಣ್ಣಿಗೆ ಹಚ್ಚುವುದು ವಾಡಿಕೆ. ತೀವ್ರ ಅಲರ್ಜಿಯಿರುವ ಕೂಸಿಗೆ ಚರ್ಮಕ್ಕೆ ತಾಗಿದ ಹಾಲಿನಿಂದಲೂ ಗಂಧೆಯೇಳಬಲ್ಲದು. ಜಲಾಭಿಷೇಕದ ಗಂಧೋದಕವನ್ನು ಮೊದಲೇ ಬೇರೆ ಬಟ್ಟಲಿನಲ್ಲಿ ತೆಗೆದಿರಿಸಿ ಅಂಥ ಮಕ್ಕಳಿಗೆ ಕೊಟ್ಟರೆ ಪೂಜಾವಿಧಿಗೆ ಯಾವ ಭಂಗವೂ ಇಲ್ಲ. ಅಂಗನವಾಡಿಗಳಿಗೂ ಶಾಲೆಗಳಿಗೂ 2013ರ ಆಗಸ್ಟ್ 1ರಂದು ಆರಂಭವಾದ ಕ್ಷೀರಭಾಗ್ಯದ ಹಾಲಿನ ವಿಷಯದಲ್ಲಿಯೂ ತಂದೆತಾಯಿಗಳು ವೈದ್ಯರ ಚೀಟಿಯನ್ನು ಕಾರ್ಯಕರ್ತೆಗೆ ಕೊಟ್ಟು, ಕೂಸಿನ ಲೋಟ ಬೇರೆಯಿರಲಿ ಎಂದು ಹೇಳಿಡಬೇಕು.

ಹಾಲಿನ ಅಲರ್ಜಿ ಬಹುತೇಕ ಮಕ್ಕಳಲ್ಲಿ ಬೆಳೆದಂತೆ ಬಿಟ್ಟುಹೋಗುತ್ತದೆ; ವೈದ್ಯರು ಆಗಾಗ ಪರೀಕ್ಷಿಸಿ ಹೇಳುತ್ತಾರೆ. ಅಲ್ಲಿಯವರೆಗಿನ ಕೆಲವು ವರ್ಷಗಳ ವ್ಯವಸ್ಥೆಯಷ್ಟೇ ಇದು. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳ ಟ್ರಸ್ಟುಗಳು ಬರುವ ದಶಲಕ್ಷಣ ಪರ್ವದ ಊಟದ ಖರ್ಚನ್ನು ಮಂಜೂರು ಮಾಡುವ ಸಭೆಯಲ್ಲಿಯೇ ಆ ಫಲಕವನ್ನೂ ಆ ಬೇರೆ ಬಟ್ಟಲನ್ನೂ ಠರಾವಿಗೆ ಸೇರಿಸಲಿ. ಅಂದು ಪಂಕ್ತಿಯಲ್ಲಿ ಕೂಸನ್ನು ತೊಡೆಯ ಮೇಲಿರಿಸಿಕೊಂಡು ಕುಳಿತ ತಾಯಿ ಬಡಿಸುವವರನ್ನು ಕೇಳುವ ಮೊದಲೇ ಅವರು "ತಂಗಿ, ಇದರಾಗ ಹಾಲೈತಿ" ಎಂದು ಹೇಳುವಂತಿರಲಿ.